ಬೋಡಿಯಮ್ ಕೋಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನಿಂದ ಯಾರೇ ಬಂದು "ಇಂಗ್ಲೆಂಡಿನ ಕೋಟೆ ಒಂದು ತೋರಿಸು" ಎಂದರೆ ನಾನು ಕರೆದುಕೊಂಡು ಹೋಗುವುದು ಬೋಡಿಯಮ್‌ಗೆ. ನೀರಿನ ನಡುವೆ ನಿಂತ ಆ ಕಲ್ಲಿನ ಚೌಕ ಮೊದಲ ಸಲ ಕಣ್ಣಿಗೆ ಬಿದ್ದಾಗ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ಸೇತುವೆ ದಾಟಿ ಒಳಗೆ ಹೋಗುತ್ತಾರೆ. ಎರಡು ನಿಮಿಷಕ್ಕೆ "ಅಯ್ಯೋ, ಒಳಗೆ ಏನೂ ಇಲ್ವಲ್ಲ" ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನೋಡಬೇಕಾದದ್ದು ಜಾಸ್ತಿ ಇರುವುದೇ ಒಳಗೆ. ಹೊರಗೋಡೆ ಬರೀ ಚಿಪ್ಪು. ಹಾಗಾಗಿ ದಾರಿಯುದ್ದಕ್ಕೂ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಇದು ಎಲ್ಲಿದೆ? ಎಷ್ಟು ಹಳೆಯದು?

ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿ, ಈಸ್ಟ್ ಸಸೆಕ್ಸ್ ಕೌಂಟಿಯಲ್ಲಿದೆ. ಪಕ್ಕದಲ್ಲೇ ರಾದರ್ ನದಿ ಹರಿಯುತ್ತದೆ. ಅಪ್ಪಣೆ ಸಿಕ್ಕಿದ್ದು 1385ರಲ್ಲಿ, ಅಂದರೆ ನಮ್ಮಲ್ಲಿ ವಿಜಯನಗರವನ್ನು ಎರಡನೇ ಹರಿಹರ ಆಳುತ್ತಿದ್ದ ಕಾಲ. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಕೆಲಸ ಮುಗಿದಿದೆ.

ಇಂಗ್ಲೆಂಡಿನ ಬಹಳಷ್ಟು ಕೋಟೆಗಳು ಮುನ್ನೂರು ನಾನೂರು ವರ್ಷ ಬೆಳೆಯುತ್ತಾ ಹೋದವು. ಒಬ್ಬ ಗೋಡೆ ಕಟ್ಟಿದ, ಮೊಮ್ಮಗ ಬುರುಜು ಸೇರಿಸಿದ. ಬೋಡಿಯಮ್ ಹಾಗಲ್ಲ. ಹೊಸ ಜಾಗದಲ್ಲಿ, ಒಂದೇ ಯೋಜನೆಯಲ್ಲಿ, ಒಬ್ಬನೇ ಒಡೆಯನ ಕಾಲದಲ್ಲಿ ಎದ್ದ ಕಟ್ಟಡ. ಅದು ಅಷ್ಟು ಅಚ್ಚುಕಟ್ಟಾಗಿ ಕಾಣುವುದು ಇದೇ ಕಾರಣಕ್ಕೆ.

ಕಟ್ಟಿಸಿದ್ದು ರಾಜನಾ?

ಅಲ್ಲ. ಸರ್ ಎಡ್ವರ್ಡ್ ಡ್ಯಾಲಿಂಗ್ರಿಜ್ ಎಂಬ ನೈಟ್. ದೊಡ್ಡ ಅರ್ಲ್ ಅಲ್ಲ, ಡ್ಯೂಕ್ ಅಲ್ಲ. ಸ್ವಂತ ಬಲದಿಂದ ಮೇಲೆ ಬಂದ ಸೈನಿಕ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧದಲ್ಲಿ ಸರ್ ರಾಬರ್ಟ್ ನೋಲ್ಸ್ ಎಂಬ ದಳಪತಿಯ ಕೈಕೆಳಗೆ ಕಾದಾಡಿದ. ಆ ಕಾಲದ ಕೂಲಿ ಸೈನಿಕರ ತಂಡಗಳು ಫ್ರಾನ್ಸಿನ ಊರೂರು ಕೊಳ್ಳೆ ಹೊಡೆಯುತ್ತಿದ್ದವು. ಡ್ಯಾಲಿಂಗ್ರಿಜ್ ದುಡ್ಡು ಮಾಡಿದ್ದೂ ಅಲ್ಲೇ. ಈ ಸುಂದರ ಕಲ್ಲುಗಳ ಹಿಂದೆ ಫ್ರಾನ್ಸಿನ ಬಡ ರೈತರ ಕಣ್ಣೀರಿದೆ. ಅದನ್ನು ಮರೆತು ಕೋಟೆಯನ್ನು ಹೊಗಳುವುದು ನನಗೆ ಸರಿ ಕಾಣುವುದಿಲ್ಲ.

ದುಡ್ಡು ಅವನದು, ಆದರೆ ಊರು ಹೆಂಡತಿಯದು. ಬೋಡಿಯಮ್ ಜಮೀನು ಅವನ ಹೆಂಡತಿ ಎಲಿಜಬೆತ್ ವಾರ್ಡ್ಯೂ ಕಡೆಯಿಂದ ಬಂದದ್ದು. ಹೆಬ್ಬಾಗಿಲಿನ ಮೇಲೆ ತಲೆಯೆತ್ತಿ ನೋಡಿ, ಕಲ್ಲಿನಲ್ಲಿ ಕೆತ್ತಿದ ವಂಶ ಲಾಂಛನಗಳಿವೆ. ಅವನ ಮನೆತನದ್ದರ ಜೊತೆಗೆ ಹೆಂಡತಿಯ ಮನೆತನದ್ದೂ ಇದೆ. ಹಿಂದಿನ ದಿಡ್ಡಿ ಬಾಗಿಲಿನ ಮೇಲೆ ಹಳೆಯ ದಳಪತಿ ನೋಲ್ಸ್‌ನ ಲಾಂಛನ. ತನ್ನನ್ನು ಮೇಲೆ ತಂದವನನ್ನು ಅವನು ಮರೆಯಲಿಲ್ಲ.

ಸ್ವಂತ ಜಾಗದಲ್ಲಿ ಕೋಟೆ ಕಟ್ಟೋಕೂ ಅಪ್ಪಣೆ ಬೇಕಿತ್ತಾ?

ಬೇಕಿತ್ತು. ಗೋಡೆಯ ತುದಿಗೆ ತೆನೆಗಳನ್ನು, ಅಂದರೆ ಹಲ್ಲಿನ ಸಾಲಿನಂತೆ ಕಾಣುವ ಕೋಟೆಯ ಅಂಚನ್ನು, ಕಟ್ಟಲು ರಾಜನಿಂದ ಪರವಾನಗಿ ಪಡೆಯುವ ಪದ್ಧತಿ ಇತ್ತು. ಎರಡನೇ ರಿಚರ್ಡ್ 1385ರ ಅಕ್ಟೋಬರ್‌ನಲ್ಲಿ ಕೊಟ್ಟ ಪತ್ರ ಉಳಿದಿದೆ. ಸಮುದ್ರದ ಹತ್ತಿರ ಇರುವ ಬೋಡಿಯಮ್‌ನ ಮನೆಯನ್ನು ಕಲ್ಲು ಗಾರೆಯ ಗೋಡೆಯಿಂದ ಭದ್ರಪಡಿಸಿ ಕೋಟೆ ಮಾಡಿಕೊಳ್ಳಬಹುದು, ಸುತ್ತಲಿನ ನಾಡಿನ ರಕ್ಷಣೆಗೆ, ಶತ್ರುಗಳನ್ನು ತಡೆಯುವುದಕ್ಕೆ ಎಂದು ಅದರಲ್ಲಿದೆ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, "ಸಮುದ್ರದ ಹತ್ತಿರ" ಎಂಬ ಮಾತು. ಇವತ್ತು ಸಮುದ್ರ ಇಲ್ಲಿಂದ ಸುಮಾರು 15 ಕಿಲೋಮೀಟರ್ ದೂರ. ಆದರೆ ಆಗ ರಾದರ್ ನದಿಯಲ್ಲಿ ಇಲ್ಲಿಯವರೆಗೂ ದೋಣಿಗಳು ಬರುತ್ತಿದ್ದವು. ಎರಡು, ಅವನು ಮನೆಯನ್ನು ಭದ್ರಪಡಿಸಲೇ ಇಲ್ಲ. ಹಳೆಯ ಮನೆಯನ್ನು ಅದರ ಪಾಡಿಗೆ ಬಿಟ್ಟು, ಬೇರೆ ಜಾಗದಲ್ಲಿ ಹೊಚ್ಚ ಹೊಸ ಕೋಟೆ ಕಟ್ಟಿದ.

ಇನ್ನೊಂದು ಹೇಳಲೇಬೇಕು. ಇದೇ ಡ್ಯಾಲಿಂಗ್ರಿಜ್ 1384ರಲ್ಲಿ ಜೈಲಿಗೆ ಹೋಗಿದ್ದ. ರಾಜನ ಚಿಕ್ಕಪ್ಪ, ದೇಶದ ಅತಿ ಬಲಿಷ್ಠ ಮನುಷ್ಯ ಜಾನ್ ಆಫ್ ಗಾಂಟ್ ಜೊತೆ ಜಗಳ. ಹೀಗಿದ್ದೂ ಮರುವರ್ಷವೇ ಕೋಟೆಗೆ ಅಪ್ಪಣೆ ಸಿಕ್ಕಿತು. ಆ ಗೋಡೆಗಳಲ್ಲಿ "ನಾನು ಯಾರು ಗೊತ್ತಾ" ಎಂಬ ಛಲವೂ ಬೆರೆತಿದೆ ಎಂದು ನನಗೆ ಅನ್ನಿಸುವುದು ಇದನ್ನೆಲ್ಲ ಓದಿದ ಮೇಲೆ.

ಫ್ರೆಂಚರ ಭಯ ನಿಜವಾ, ನೆಪವಾ?

ಭಯ ನಿಜ. ಹತ್ತಿರದ ರೈ ಪಟ್ಟಣವನ್ನು ಫ್ರೆಂಚರು 1377ರಲ್ಲಿ ಸುಟ್ಟರು. 1380ರಲ್ಲಿ ವಿಂಚೆಲ್ಸಿ ಮೇಲೆ ದಾಳಿಯಾಯಿತು. ಎರಡೂ ಇಲ್ಲಿಂದ ಒಂದು ದಿನದ ನಡಿಗೆಯೊಳಗೆ ಇವೆ. ಬೋಡಿಯಮ್‌ವರೆಗೆ ಮಾತ್ರ ಫ್ರೆಂಚರು ಯಾವತ್ತೂ ಬರಲಿಲ್ಲ.

ಕಂದಕದ ನೀರು ಎಲ್ಲಿಂದ ಬರುತ್ತದೆ? ಮೊಸಳೆ ಬಿಡುತ್ತಿದ್ದರಾ?

ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ ಇದು. ನಮ್ಮ ಕಡೆ ಕೋಟೆ ಅಂದರೆ ಅಗಳು, ಅಗಳು ಅಂದರೆ ಮೊಸಳೆ ಎಂದು ಕಥೆ ಕೇಳಿ ಬೆಳೆದವರಲ್ವಾ. ಇಂಗ್ಲೆಂಡಿನ ಚಳಿಗೆ ಮೊಸಳೆ ಬದುಕುವುದಿಲ್ಲ. ಈಗ ಇರುವುದು ದಪ್ಪ ದಪ್ಪ ಕಾರ್ಪ್ ಮೀನುಗಳು ಮತ್ತು ಬಾತುಕೋಳಿಗಳು.

ನೀರು ನದಿಯದಲ್ಲ. ಬೆಟ್ಟದ ಇಳಿಜಾರಿನಲ್ಲಿ ಬುಗ್ಗೆಗಳಿವೆ, ಕೆಲವು ಕಂದಕದ ತಳದಲ್ಲೇ ಉಕ್ಕುತ್ತವೆ. ಇಳಿಜಾರಿನ ಕೆಳಬದಿಗೆ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿದ್ದಾರೆ. ಕೆರೆ ಕಟ್ಟುವುದು ಗೊತ್ತಿರುವ ನಮ್ಮವರಿಗೆ ನೋಡಿದ ಕೂಡಲೇ ಅರ್ಥವಾಗುತ್ತದೆ. ಇದು ಕೋಟೆ ಸುತ್ತ ತೋಡಿದ ಸಣ್ಣ ಕಾಲುವೆಯಲ್ಲ, ಕೆರೆಯೊಳಗೆ ಇಟ್ಟ ಕೋಟೆ.

ಆಳ ನೀವು ಅಂದುಕೊಂಡಷ್ಟಿಲ್ಲ. 1919ರ ನಂತರ ನೀರು ಬಸಿದು ನೋಡಿದಾಗ ಸರಾಸರಿ ಒಂದೂವರೆ ಮೀಟರ್, ಆಗ್ನೇಯ ಮೂಲೆಯಲ್ಲಿ ಎರಡು ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಆದರೂ ಅದು ಕೆಲಸಕ್ಕೆ ಬರುತ್ತದೆ. ಏಣಿ ಹಾಕಲು ನೆಲ ಸಿಗುವುದಿಲ್ಲ. ಗೋಡೆಯ ಬುಡಕ್ಕೆ ಸುರಂಗ ತೋಡಿದರೆ ನೀರು ನುಗ್ಗುತ್ತದೆ.

ಈಗಿನ ಸೇತುವೆ ಹಳೆಯದೇನಾ?

ಅಲ್ಲ, ದಾರಿಯೂ ಬೇರೆ. ಈಗ ಉತ್ತರ ದಡದಿಂದ ನೇರವಾಗಿ ಹೆಬ್ಬಾಗಿಲ ಕಡೆಗೆ ನಡೆಯುತ್ತೀರಿ. ಆಗ ಹಾಗಿರಲಿಲ್ಲ. ಪಶ್ಚಿಮ ದಡದಿಂದ ಉದ್ದನೆಯ ಮರದ ಸೇತುವೆ ಹೊರಟು, ಕಂದಕದ ನಡುವಿನ ಎಂಟು ಮೂಲೆಯ ಪುಟ್ಟ ದ್ವೀಪಕ್ಕೆ ಬರುತ್ತಿತ್ತು. ಅಲ್ಲಿ ಬಲಕ್ಕೆ ತಿರುಗಬೇಕು. ಆಮೇಲೆ ಮುಂಗೋಟೆಯ ಬಾಗಿಲು, ಅದು ದಾಟಿದರೆ ಹೆಬ್ಬಾಗಿಲು. ನಡುನಡುವೆ ಎತ್ತುವ ಸೇತುವೆಗಳು.

ಆ ತಿರುವಿನ ಉಪಾಯ ನೋಡಿ. ಪಶ್ಚಿಮದಿಂದ ಬರುವ ಶತ್ರುವಿನ ಬಲಗಡೆಗೆ ಕೋಟೆ. ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಗುರಾಣಿ. ಅಂದರೆ ಸೇತುವೆಯುದ್ದಕ್ಕೂ ಗುರಾಣಿಯಿಲ್ಲದ ಮೈ ಬಿಲ್ಲುಗಾರರಿಗೆ ಗುರಿ. ಸ್ನೇಹದಿಂದ ಬರುವ ಅತಿಥಿಗೆ ಅದೇ ನಡಿಗೆಯಲ್ಲಿ ಕೋಟೆಯ ಪೂರ್ತಿ ಮುಂಭಾಗ ನಿಧಾನವಾಗಿ ಕಾಣುತ್ತದೆ. ಒಂದೇ ದಾರಿ, ಇಬ್ಬರಿಗೆ ಎರಡು ಅನುಭವ. ಮುಂಗೋಟೆಯ ಒಂದು ತುಂಡು ಗೋಡೆ ಇನ್ನೂ ನಿಂತಿದೆ. ಜನ ಅದನ್ನು ಗಮನಿಸದೆ ದಾಟಿ ಹೋಗುತ್ತಾರೆ. ನೀವು ಒಂದು ಗಳಿಗೆ ನಿಲ್ಲಿ.

ಹಾಗಾದರೆ ಇದು ಯುದ್ಧಕ್ಕೆ ಕಟ್ಟಿದ್ದಾ, ತೋರಿಕೆಗಾ?

ವಿದ್ವಾಂಸರು ದಶಕಗಳಿಂದ ಇದೇ ವಿಷಯಕ್ಕೆ ವಾದ ಮಾಡುತ್ತಿದ್ದಾರೆ.

ಮೊದಲು ಎಲ್ಲರೂ ಇದನ್ನು ಪಕ್ಕಾ ಯುದ್ಧದ ಕೋಟೆ ಎಂದೇ ನಂಬಿದ್ದರು. ನಾಲ್ಕು ಮೂಲೆಗೆ ದುಂಡನೆಯ ಬುರುಜು, ನಡುವೆ ಚೌಕ ಬುರುಜು, ಹೆಬ್ಬಾಗಿಲ ಅಕ್ಕಪಕ್ಕ ಬಂದೂಕಿನ ಕಂಡಿಗಳು, ಮೇಲಿನಿಂದ ಕಲ್ಲು ಸುರಿಯಲು ಚಾಚುಗಟ್ಟೆ. ಬಾಗಿಲ ಹಾದಿಯ ಚಾವಣಿಯಲ್ಲೂ ತೂತುಗಳಿವೆ, ಕೆಳಗೆ ಸಿಕ್ಕಿಬಿದ್ದವರ ಮೇಲೆ ದಾಳಿ ಮಾಡಲಿಕ್ಕೆ. ಇನ್ನೇನು ಬೇಕು?

ಆಮೇಲೆ ಕೆಲವರು ಹತ್ತಿರದಿಂದ ನೋಡಿದರು. ಗೋಡೆ ಸುಮಾರು 2 ಮೀಟರ್ ದಪ್ಪ, ಅಷ್ಟೇನೂ ಅಲ್ಲ. ಪ್ರಾರ್ಥನಾ ಮಂದಿರದ ದೊಡ್ಡ ಕಿಟಕಿ ಹೊರಗೋಡೆಯಲ್ಲೇ ಇದೆ. ಉತ್ತರದ ಗುಡ್ಡದ ಮೇಲೆ ನಿಂತರೆ ಕೋಟೆ ಪೂರ್ತಿ ಕೆಳಗೆ ಕಾಣುತ್ತದೆ. ಕಂದಕದ ಏರಿಯನ್ನು ಗುದ್ದಲಿ ಹಿಡಿದು ಒಡೆದರೆ ನೀರು ಹರಿದುಹೋಗುತ್ತದೆ. ಮೇಲಾಗಿ 1980ರ ದಶಕದ ಕೊನೆಗೆ ಸುತ್ತಲಿನ ನೆಲದ ಅಳತೆ ಮಾಡಿದಾಗ ಕಂದಕ ಒಂದೇ ಅಲ್ಲ, ಸರಣಿಯಾಗಿ ಕೊಳಗಳಿದ್ದವು ಎಂದು ತಿಳಿಯಿತು. ಬರುವವರ ಕಣ್ಣಿಗೆ ಕೋಟೆ ದೊಡ್ಡದಾಗಿ, ನೀರಿನಲ್ಲಿ ತೇಲುವಂತೆ ಕಾಣಲಿ ಎಂದೇ ಈ ನೀರನ್ನೆಲ್ಲ ಜೋಡಿಸಿದ್ದಾರೆ ಎಂಬ ವಾದ ಆಗ ಬಲವಾಯಿತು. 2010ರ ನಂತರ ಸೌತಾಂಪ್ಟನ್ ಮತ್ತು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಗಳ ತಂಡ ಇಲ್ಲಿ ಮತ್ತೆ ಕೆಲಸ ಮಾಡಿತು. ಅವರು ಈ ಜಗಳವನ್ನೇ ಪಕ್ಕಕ್ಕಿಟ್ಟು, ಇಲ್ಲಿ ಜನ ಹೇಗೆ ಓಡಾಡಿದರು, ಹೇಗೆ ಬದುಕಿದರು ಎಂದು ಕೇಳಿದರು. ನನಗೆ ಇಷ್ಟವಾದ ಪ್ರಶ್ನೆ ಅದು.

ನನ್ನ ಅಭಿಪ್ರಾಯ ಕೇಳಿದರೆ, ಎರಡನ್ನೂ ಬೇರೆ ಮಾಡುವುದೇ ತಪ್ಪು. ಕೊಳ್ಳೆ ಹೊಡೆಯಲು ಬರುವ ಐವತ್ತು ನೂರು ಜನರನ್ನು ಈ ಕೋಟೆ ಸುಲಭವಾಗಿ ತಡೆಯುತ್ತಿತ್ತು. ರಾಜನ ಸೈನ್ಯ ತೋಪು ತಂದರೆ ನಿಲ್ಲುತ್ತಿರಲಿಲ್ಲ. ನೆರೆಹೊರೆಯ ಜಮೀನ್ದಾರರ ಕಣ್ಣು ಕುಕ್ಕುವುದಕ್ಕಂತೂ ಪ್ರತಿದಿನ ಕೆಲಸ ಮಾಡುತ್ತಿತ್ತು. ಡ್ಯಾಲಿಂಗ್ರಿಜ್ 1383ರಲ್ಲೇ ಬೋಡಿಯಮ್‌ನಲ್ಲಿ ವಾರದ ಸಂತೆ, ವರ್ಷಕ್ಕೊಂದು ಜಾತ್ರೆ ನಡೆಸಲು ಅನುಮತಿ ತಂದಿದ್ದ. ಗಿರಣಿಗೆ ನದಿ ನೀರು ತಿರುಗಿಸಲೂ ಅನುಮತಿ ಪಡೆದ. ಸಂತೆ, ಗಿರಣಿ, ಕೋಟೆ ಎಲ್ಲ ಸೇರಿ ಒಂದು ಊರನ್ನೇ ಎಬ್ಬಿಸಲು ಹೊರಟಿದ್ದ ಮನುಷ್ಯ ಅವನು.

ಒಳಗೆ ಏನೂ ಇಲ್ಲ ಅಂತಾರಲ್ಲ?

ಚಾವಣಿ ಇಲ್ಲ, ಮಹಡಿ ಇಲ್ಲ, ನಡುವೆ ಹುಲ್ಲಿನ ಅಂಗಳ. ನಿಜ. ಈಗ ಗೋಡೆಗಳ ಒಳಮೈ ನೋಡಿ.

ಮೊದಲು ಸಾಲಾಗಿ ಚೌಕ ಗುಳಿಗಳು ಕಾಣುತ್ತವೆ. ಅವು ತೊಲೆಗಳ ತುದಿ ಕೂರುತ್ತಿದ್ದ ಜಾಗ. ಒಂದು ಸಾಲು ಗುಳಿ ಎಂದರೆ ಒಂದು ಮಹಡಿ. ಅದರ ಮೇಲೆ ಗಾಳಿಯಲ್ಲಿ ತೂಗುವಂತೆ ಒಂದು ಬೆಂಕಿಗೂಡು ಇದೆ ಅಲ್ವಾ? ಅಲ್ಲೊಂದು ಕೋಣೆ ಇತ್ತು, ಯಾರೋ ಚಳಿಗಾಲದಲ್ಲಿ ಅದರ ಮುಂದೆ ಕೈ ಕಾಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕಿಟಕಿ, ಕಿಟಕಿಯ ದಪ್ಪ ಗೋಡೆಯಲ್ಲೇ ಕೂರುವ ಕಲ್ಲಿನ ಕಟ್ಟೆ. ಹೀಗೆ ಒಂದೊಂದೇ ಸೇರಿಸುತ್ತಾ ಹೋದರೆ ಖಾಲಿ ಗೋಡೆಯ ಮೇಲೆ ಮನೆಯೇ ಎದ್ದು ನಿಲ್ಲುತ್ತದೆ.

ದಕ್ಷಿಣ ಬದಿಗೆ ಹೋಗಿ. ಅಲ್ಲಿ ದೊಡ್ಡ ಹಜಾರ ಇತ್ತು, ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ. ಅದರ ಪಶ್ಚಿಮ ತುದಿಯಲ್ಲಿ ಪಕ್ಕಪಕ್ಕದಲ್ಲೇ ಮೂರು ಕಮಾನು ಬಾಗಿಲು ಇನ್ನೂ ನಿಂತಿವೆ. ಒಂದು ಅಡುಗೆಮನೆಗೆ, ಒಂದು ಬ್ರೆಡ್ಡು ಮತ್ತು ದಿನಸಿ ಇಡುವ ಕೋಣೆಗೆ, ಒಂದು ಬಿಯರ್, ವೈನ್ ಪೀಪಾಯಿಗಳ ಕೋಣೆಗೆ. ಊಟದ ಹೊತ್ತಿಗೆ ಬಡಿಸುವವರು ಈ ಮೂರು ಬಾಗಿಲಿನಿಂದ ಓಡಿಬರುತ್ತಿದ್ದ ಸದ್ದನ್ನು ಊಹಿಸಿ. ಇಡೀ ಕೋಟೆಯಲ್ಲಿ ನನಗೆ ಅತಿ ಪ್ರಿಯವಾದ ಜಾಗ ಇದು. ಹೆಬ್ಬಾಗಿಲಿಗಿಂತಲೂ ಪ್ರಿಯ.

ಅಡುಗೆಮನೆಗೆ ಮೇಲೆ ಮಹಡಿ ಇರಲಿಲ್ಲ. ಹೊಗೆ, ಬಿಸಿ ಮೇಲೆ ಹೋಗಲಿ ಎಂದು ಪೂರ್ತಿ ಎತ್ತರ ಬಿಟ್ಟಿದ್ದಾರೆ. ಎದುರುಬದುರು ಎರಡು ದೊಡ್ಡ ಒಲೆಗಳು. ಹತ್ತಿರದ ನೈಋತ್ಯ ಬುರುಜಿನ ತಳದಲ್ಲಿ ಬಾವಿ, ಅದೇ ಬುರುಜಿನ ತುದಿಯಲ್ಲಿ ಪಾರಿವಾಳದ ಗೂಡುಗಳು, ಸುಮಾರು 300. ಪಾರಿವಾಳ ಚಂದಕ್ಕಲ್ಲ, ಅಡುಗೆಗೆ. ಕೆಳಗೆ ನೀರು, ಮೇಲೆ ಮಾಂಸ, ನಡುವೆ ಒಲೆ. ಎಷ್ಟು ಯೋಚನೆ ಮಾಡಿ ಕಟ್ಟಿದ್ದಾರೆ ನೋಡಿ.

ಹೆಬ್ಬಾಗಿಲಿನಿಂದ ಹೊರಡುವಾಗ ತಲೆಯೆತ್ತಿ ಆ ಮರದ ಜಾಲರಿ ಬಾಗಿಲನ್ನು ನೋಡಿ. ಮೇಲಿನಿಂದ ಕೆಳಗೆ ಬೀಳುವಂಥದ್ದು, ಕಬ್ಬಿಣದ ಪಟ್ಟಿ ಹೊದಿಸಿದ ಓಕ್ ಮರ. ಅದು ಆಮೇಲೆ ಮಾಡಿಟ್ಟ ನಕಲಲ್ಲ. ಮರದ ವಯಸ್ಸನ್ನು ಪರೀಕ್ಷಿಸಿದ್ದಾರೆ, ಮಧ್ಯಯುಗದ್ದೇ. ಇಂಥ ಬಾಗಿಲುಗಳು ಇಂಗ್ಲೆಂಡಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ.

ಕಕ್ಕಸು ಎಲ್ಲಿತ್ತು?

ಗೋಡೆಯ ದಪ್ಪದಲ್ಲೇ. ಇಡೀ ಕೋಟೆಯಲ್ಲಿ 28 ಕಕ್ಕಸುಗಳಿದ್ದವು, ಎಲ್ಲವೂ ನೇರವಾಗಿ ಕಂದಕಕ್ಕೆ. ಇವತ್ತು ನಾವು ಫೋಟೊ ತೆಗೆಯುವ ಆ ತಿಳಿನೀರು ಆಗ ಹೇಗಿದ್ದಿರಬಹುದು ಎಂದು ನೀವೇ ಯೋಚಿಸಿ. ಆದರೆ ಆ ಕಾಲಕ್ಕೆ ಇದು ದೊಡ್ಡ ಅನುಕೂಲ. ಕೋಣೆಗೊಂದು ಬೆಂಕಿಗೂಡು, ಹತ್ತಿರದಲ್ಲೇ ಕಕ್ಕಸು ಎಂದರೆ ಒಳ್ಳೊಳ್ಳೆಯ ಶ್ರೀಮಂತರಿಗೂ ಸಿಗುತ್ತಿರಲಿಲ್ಲ.

ಇಲ್ಲಿ ಯುದ್ಧ ನಡೆದಿದೆಯಾ?

ಹೇಳಿಕೊಳ್ಳುವಂಥದ್ದು ಇಲ್ಲ. ಡ್ಯಾಲಿಂಗ್ರಿಜ್ ವಂಶದ ನಂತರ ಕೋಟೆ ಲ್ಯೂಕ್ನರ್ ಮನೆತನಕ್ಕೆ ಹೋಯಿತು. 1483ರಲ್ಲಿ ಸರ್ ಥಾಮಸ್ ಲ್ಯೂಕ್ನರ್ ಮೂರನೇ ರಿಚರ್ಡ್ ವಿರುದ್ಧ ನಿಂತ. ರಾಜ ಕೋಟೆಗೆ ಮುತ್ತಿಗೆ ಹಾಕಲು ಆಜ್ಞೆ ಹೊರಡಿಸಿದ. ದೊಡ್ಡ ಕಾದಾಟ ನಡೆದ ದಾಖಲೆ ಇಲ್ಲ, ಬೇಗ ಶರಣಾಗಿರಬೇಕು. 1485ರಲ್ಲಿ ಏಳನೇ ಹೆನ್ರಿ ಪಟ್ಟಕ್ಕೆ ಬಂದ ಮೇಲೆ ಕೋಟೆ ಲ್ಯೂಕ್ನರ್‌ಗಳಿಗೆ ವಾಪಸ್ ಸಿಕ್ಕಿತು.

ಯುದ್ಧವೇ ಇಲ್ಲ ಅಂದ್ರೆ ಹಾಳಾಗಿದ್ದು ಹೇಗೆ?

ದುಡ್ಡಿನಿಂದ. 17ನೇ ಶತಮಾನದಲ್ಲಿ ರಾಜ ಮತ್ತು ಪಾರ್ಲಿಮೆಂಟ್ ನಡುವೆ ಅಂತರ್ಯುದ್ಧ ನಡೆಯಿತಲ್ಲ, ಆಗ ಇದರ ಒಡೆಯ ಜಾನ್ ಟಫ್ಟನ್, ಥ್ಯಾನೆಟ್‌ನ ಅರ್ಲ್. ಅವನು ರಾಜನ ಕಡೆಯವನು. ಪಾರ್ಲಿಮೆಂಟ್ ಹಾಕಿದ ದಂಡ ಕಟ್ಟಲು 1644ರಲ್ಲಿ ಬೋಡಿಯಮ್ ಅನ್ನು ಮಾರಿದ. ಕೊಂಡವನು ನಥಾನಿಯಲ್ ಪೋವೆಲ್, ಪಾರ್ಲಿಮೆಂಟ್ ಕಡೆಯವನು. ಇದಾದ ಮೇಲೆ ಮುಂಗೋಟೆ, ಸೇತುವೆಗಳು, ಒಳಗಿನ ಮನೆಗಳು ಕಳಚಿಹೋದವು. ಹೊರಗೋಡೆ ಮಾತ್ರ ಉಳಿಯಿತು.

ಆಮೇಲೆ ಬಳ್ಳಿ ಹಬ್ಬಿತು. 18ನೇ ಶತಮಾನದಲ್ಲಿ ಚಿತ್ರಗಾರರು ಬಂದು ಹಸಿರು ಮುಚ್ಚಿದ ಹಾಳು ಗೋಡೆಗಳ ಚಿತ್ರ ಬರೆದರು. ಅಂಗಳದಲ್ಲಿ ತರಕಾರಿ ಬೆಳೆದ ಕಾಲವೂ ಇತ್ತು.

ಮತ್ತೆ ಉಳಿಸಿದ್ದು ಯಾರು?

ಮೂವರು. 1829ರಲ್ಲಿ ಜಾನ್ ಫುಲ್ಲರ್ ಕೊಂಡ. ಕೋಟೆಯನ್ನು ಒಡೆದು ಕಲ್ಲು ಮಾರುವುದು ತಪ್ಪಲಿ ಎಂದೇ ಅವನು ಕೊಂಡ ಎನ್ನುತ್ತಾರೆ. ಅವನ ಆಸ್ತಿಯಲ್ಲಿ ಜಮೈಕಾದ ತೋಟಗಳೂ ಇದ್ದವು, ಅಲ್ಲಿ ದುಡಿದವರು ಗುಲಾಮರು. ಪಾರ್ಲಿಮೆಂಟಿನಲ್ಲಿ ಗುಲಾಮಗಿರಿಯ ಪರ ಮಾತಾಡಿದ ಮನುಷ್ಯ ಅವನು. ಕಟ್ಟಿದ ದುಡ್ಡು ಫ್ರಾನ್ಸಿನ ಕೊಳ್ಳೆಯದು, ಉಳಿಸಿದ ದುಡ್ಡು ಗುಲಾಮರ ಬೆವರಿನದು. ಎರಡನ್ನೂ ಹೇಳಿಯೇ ನಾನು ಈ ಕೋಟೆ ತೋರಿಸುವುದು.

ಅವನ ನಂತರ ಜಾರ್ಜ್ ಕ್ಯೂಬಿಟ್, ಅಂದರೆ ಲಾರ್ಡ್ ಆಶ್‌ಕೂಮ್, ದುರಸ್ತಿ ಶುರು ಮಾಡಿದ. ಮೂರನೆಯವನು ಲಾರ್ಡ್ ಕರ್ಜನ್.

ಯಾವ ಕರ್ಜನ್? ಬಂಗಾಳ ಒಡೆದ ವೈಸರಾಯನಾ?

ಅವನೇ. ಈ ಹೆಸರು ಕೇಳಿದ ಕೂಡಲೇ ನಮ್ಮವರ ಮುಖ ಬದಲಾಗುತ್ತದೆ, ಬದಲಾಗಲೇಬೇಕು. 1905ರ ಬಂಗಾಳ ವಿಭಜನೆ ಮಾಡಿದವನು ಅವನು. ಆದರೆ ಹಳೆಯ ಕಟ್ಟಡಗಳ ವಿಷಯದಲ್ಲಿ ಅವನಿಗೆ ನಿಜವಾದ ಕಾಳಜಿ ಇತ್ತು. ನಮ್ಮ ವಿಜಯಪುರಕ್ಕೂ ಅದರ ನಂಟಿದೆ. ಆಗ ಬಿಜಾಪುರದ ಒಂದು ಮಸೀದಿಯಲ್ಲಿ ಅಂಚೆ ಕಚೇರಿ ನಡೆಯುತ್ತಿತ್ತು, ಇನ್ನೊಂದು ಮಸೀದಿ ಪ್ರವಾಸಿ ಬಂಗಲೆಯಾಗಿತ್ತು. ಎರಡನ್ನೂ ಖಾಲಿ ಮಾಡಿಸಿದ್ದು ಕರ್ಜನ್. ಪುರಾತತ್ವ ಇಲಾಖೆಗೆ ಮತ್ತೆ ಜೀವ ಕೊಟ್ಟು, ಜಾನ್ ಮಾರ್ಷಲ್‌ರನ್ನು ಅದರ ಮುಖ್ಯಸ್ಥರನ್ನಾಗಿ ತಂದ. 1904ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಅವನ ಕಾಲದ್ದು.

ಇಂಗ್ಲೆಂಡಿಗೆ ವಾಪಸಾದ ಮೇಲೆ 1911ರಲ್ಲಿ ಟ್ಯಾಟರ್‌ಶಲ್ ಕೋಟೆಯನ್ನು ಕೊಂಡು ಉಳಿಸಿದ. ಅದಕ್ಕೂ ಕಂದಕ ಇದೆ. ಬೋಡಿಯಮ್ ಮೇಲೂ ಅವನ ಕಣ್ಣಿತ್ತು, ಆದರೆ ಆಶ್‌ಕೂಮ್ ಕೊಡಲಿಲ್ಲ. ಅವನು ತೀರಿಕೊಂಡ ಮೇಲೆ ಮಗನಿಂದ ಕೊಂಡ. 1919ರಿಂದ ವಿಲಿಯಂ ವಿಯರ್ ಎಂಬ ವಾಸ್ತುಶಿಲ್ಪಿಯ ಜೊತೆ ಕೆಲಸ ನಡೆಯಿತು. ಬಳ್ಳಿ ಕಿತ್ತರು, ಕಂದಕ ಬಸಿದು ಹೂಳೆತ್ತಿದರು. ಹಳೆಯ ಸೇತುವೆಗಳ ಬುಡ ಸಿಕ್ಕಿದ್ದು ಆಗಲೇ. ಪಶ್ಚಿಮದ ದಾರಿಯ ಕಥೆ ನಮಗೆ ಗೊತ್ತಾಗಿದ್ದು ಆ ಹೂಳಿನಿಂದ.

ಕರ್ಜನ್ 1925ರಲ್ಲಿ ತೀರಿಕೊಂಡಾಗ ಕೋಟೆಯನ್ನು ನ್ಯಾಷನಲ್ ಟ್ರಸ್ಟ್‌ಗೆ ಬರೆದಿಟ್ಟಿದ್ದ. ಇವತ್ತಿಗೂ ಅದೇ ಸಂಸ್ಥೆ ನೋಡಿಕೊಳ್ಳುತ್ತಿದೆ.

ಚಾವಣಿ ಹಾಕಿ ಹಳೆಯ ಥರ ಮಾಡಬಾರದಾ?

ನನಗೂ ಮೊದಮೊದಲು ಹಾಗೇ ಅನ್ನಿಸುತ್ತಿತ್ತು. ಈಗ ಬೇಡ ಅನ್ನಿಸುತ್ತದೆ. ಹೊಸ ಮಹಡಿ ಹಾಕಿದರೆ ಹಳೆಯ ತೊಲೆ ಗುಳಿಗಳು ಮುಚ್ಚಿಹೋಗುತ್ತವೆ. ನಾವು ಓದುವ ಅಕ್ಷರಗಳೇ ಅವು. ಬುರುಜುಗಳಲ್ಲಿ ಬಾವಲಿಗಳೂ ಮನೆ ಮಾಡಿಕೊಂಡಿವೆ, ಅವಕ್ಕೆ ಅಲ್ಲಿ ಕಾನೂನಿನ ರಕ್ಷಣೆ ಇದೆ.

ಹೊರಗೆ ಒಂದು ಕಾಂಕ್ರೀಟ್ ಗೂಡು ಇದೆಯಲ್ಲ, ಅದೇನು?

ಎರಡನೇ ಮಹಾಯುದ್ಧದ್ದು. 1940ರಲ್ಲಿ ಜರ್ಮನರು ಬಂದರೆ ನದಿ ದಾಟದಂತೆ ತಡೆಯಲು ಕಟ್ಟಿದ ಗುಂಡಿನ ಗೂಡು. ಡ್ಯಾಲಿಂಗ್ರಿಜ್ ಆದ 550 ವರ್ಷದ ಮೇಲೂ ಸಮುದ್ರದಾಚೆಯ ಶತ್ರುವಿಗೆ ಇದೇ ಕಣಿವೆಯಲ್ಲಿ ಕಾವಲು ಕಾದರು.

ಹೋಗುವುದು ಹೇಗೆ?

ಲಂಡನ್ನಿನಿಂದ ಹೇಸ್ಟಿಂಗ್ಸ್ ಕಡೆ ಹೋಗುವ ರೈಲಿನಲ್ಲಿ ರಾಬರ್ಟ್ಸ್‌ಬ್ರಿಜ್‌ನಲ್ಲಿ ಇಳಿಯಿರಿ. ಅಲ್ಲಿಂದ 8 ಕಿಲೋಮೀಟರ್, ಟ್ಯಾಕ್ಸಿ ಮೊದಲೇ ಹೇಳಿಟ್ಟರೆ ಒಳ್ಳೆಯದು. ಮಕ್ಕಳಿದ್ದರೆ ಟೆಂಟರ್ಡನ್‌ಗೆ ಹೋಗಿ ಉಗಿಬಂಡಿ ಹತ್ತಿ. ಅದರ ಕೊನೆಯ ನಿಲ್ದಾಣವೇ ಬೋಡಿಯಮ್, ಕೋಟೆಗೆ ನಡೆದೇ ಹೋಗಬಹುದು. ಬಂಡಿ ಎಲ್ಲ ದಿನ ಓಡುವುದಿಲ್ಲ, ನೋಡಿಕೊಂಡು ಹೊರಡಿ. ಬುರುಜಿನ ಮೆಟ್ಟಿಲುಗಳು ಇಕ್ಕಟ್ಟು, ಸುತ್ತು ಸುತ್ತು. ಮಂಡಿ ನೋವಿರುವ ಹಿರಿಯರನ್ನು ಹತ್ತಿಸಬೇಡಿ. ಅಂಗಳ, ಹಜಾರ, ಮೂರು ಬಾಗಿಲು ಎಲ್ಲ ನೆಲಮಟ್ಟದಲ್ಲೇ ಇವೆ, ಅವರಿಗೂ ನೋಡಲು ಬೇಕಾದಷ್ಟಿದೆ.

ಎರಡು ಗಂಟೆ ಇಟ್ಟುಕೊಳ್ಳಿ. ಮೊದಲು ಕಂದಕದ ಸುತ್ತ ಒಂದು ಪೂರ್ತಿ ಸುತ್ತು ಹಾಕಿ, ದಕ್ಷಿಣದ ದಿಡ್ಡಿ ಬಾಗಿಲನ್ನು ದಡದಿಂದ ನೋಡಿ. ಆಮೇಲೆ ಒಳಗೆ ಹೋಗಿ, ಹಜಾರದ ನಡುವೆ ನಿಂತು, ಆ ಮೂರು ಬಾಗಿಲ ಕಡೆಗೆ ಮುಖ ಮಾಡಿ.